ಹುಟ್ಟದವರ ಲೆಕ್ಕ

ಸ್ವಾತಿಯ ಮಳೆ ಬೀಳುವ ಹೊತ್ತಿಗೆ ಸಮುದ್ರದ ಸಿಂಪಿ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಕಾಯುತ್ತದೆಂದೂ, ಅದರೊಳಗೆ ಬಿದ್ದ ಹನಿಯೇ ಮುತ್ತಾಗುತ್ತದೆಂದೂ ನಮ್ಮ ಕವಿಗಳು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ತರಗತಿಯಲ್ಲಿ ಈ ಕವಿಸಮಯವನ್ನು ವಿವರಿಸುವಾಗಲೆಲ್ಲ ನನಗೆ ಅದರ ಮೇಲೆ ಒಂದು ಬಗೆಯ ಮೋಹ. ಪ್ರಾಣಿಶಾಸ್ತ್ರದ ಅಧ್ಯಾಪಕರನ್ನು ಕೇಳಿದರೆ ಅವರು ನಗುತ್ತಾರೆ. ಸಿಂಪಿ ಒಂದು ಹನಿಗಾಗಿ ಕಾಯುವ ಪ್ರಾಣಿಯಲ್ಲ. ಚೆನ್ನಾಗಿ ಬೆಳೆದ ಸಿಂಪಿ, ಕಾಲ ಅನುಕೂಲವಾಗಿದ್ದರೆ, ದಿನವೊಂದಕ್ಕೆ ನೂರು ಲೀಟರಿಗೂ ಮಿಗಿಲಾದ ನೀರನ್ನು ತನ್ನ ಕಿವಿರುಗಳ ಮೂಲಕ ಹಾಯಿಸಿ, ಸೋಸಿ, ಅದರಲ್ಲಿರುವ ಸೂಕ್ಷ್ಮ ಸಸ್ಯಗಳನ್ನು ಉಂಡು, ಉಳಿದುದನ್ನು ಹೊರಕ್ಕೆ ಬಿಡುತ್ತದೆ. ಕಲ್ಲಿಗೆ ಅಂಟಿಕೊಂಡ ಜೀವ. ಈ ನೀರು ಬೇಡ, ಆ ನೀರು ಬೇಕು ಎಂದು ಎದ್ದು ಹೋಗುವಂತಿಲ್ಲ. ಸಮುದ್ರದಲ್ಲಿ ಏನೇನಿದೆಯೋ ಅದೆಲ್ಲವೂ ಅದರ ಮೈಯೊಳಗಿನಿಂದ ಹಾದು ಹೋಗಲೇಬೇಕು. ಕವಿಗಳು ಹೇಳಿದ ಒಂದಂಶವನ್ನು ಮಾತ್ರ ಶಾಸ್ತ್ರವೂ ಒಪ್ಪುತ್ತದೆ: ಹನಿಯಲ್ಲಿ ಏನಿದೆ ಎಂಬುದರ ಮೇಲೆ ಸಿಂಪಿಯ ಬಾಳು ನಿಂತಿದೆ.

ಈ ಕಾಲದ ಹನಿಯಲ್ಲಿ ಲೋಹದ ಧೂಳು ಸೇರುತ್ತಿದೆ. ಧೂಳೆಂದರೆ ನಾವು ಕಣ್ಣಿಂದ ಕಾಣುವ ಧೂಳಲ್ಲ. ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೋಮೀಟರು ಎಂದು ಹೆಸರು. ತಲೆಗೂದಲಿನ ದಪ್ಪ ಸುಮಾರು ೮೦,೦೦೦ ನ್ಯಾನೋಮೀಟರು. ನಾನು ಹೇಳುತ್ತಿರುವ ಕಣಗಳು ಒಂದರಿಂದ ನೂರು ನ್ಯಾನೋಮೀಟರಿನೊಳಗಿನವು. ಗ್ರೀಕರ ಭಾಷೆಯಲ್ಲಿ ‘ನಾನೋಸ್’ ಎಂದರೆ ಕುಳ್ಳ. ಹೆಸರಿಟ್ಟವರಿಗೆ ನಮ್ಮ ವಾಮನನ ಕಥೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಗೊತ್ತಿದ್ದರೆ ಆ ಹೆಸರೇ ಹೆಚ್ಚು ಸಲ್ಲುತ್ತಿತ್ತು. ಒಂದು ಸೆಂಟಿಮೀಟರು ಉದ್ದಗಲ ಎತ್ತರದ ಬೆಳ್ಳಿಯ ಗಟ್ಟಿಯನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳ ವಿಸ್ತೀರ್ಣ ಸೇರಿದರೆ ಅಂಗೈಯ ಒಂದು ಮೂಲೆಗೂ ಸಾಲದು. ಅದನ್ನೇ ಒಂದೊಂದು ನ್ಯಾನೋಮೀಟರಿನ ತುಣುಕುಗಳಾಗಿ ಕತ್ತರಿಸಿದರೆ, ಬೆಳ್ಳಿ ಅಷ್ಟೇ ಇದ್ದರೂ ಅದರ ಮೈಯ ಒಟ್ಟು ಹರವು ೬,೦೦೦ ಚದರ ಮೀಟರು, ಎಂದರೆ ಸುಮಾರು ಒಂದೂವರೆ ಎಕರೆ ಆಗುತ್ತದೆ. ಲೋಹ ಸುತ್ತಲಿನ ಜಗತ್ತನ್ನು ಮುಟ್ಟುವುದು ತನ್ನ ಮೈಯಿಂದ. ಮೈ ಹರಡಿದಷ್ಟೂ ಅದರ ಶಕ್ತಿ ಹೆಚ್ಚು, ಅದರಿಂದಾಗುವ ಒಳಿತು ಹೆಚ್ಚು, ಕೆಡುಕೂ ಹೆಚ್ಚು. ನಮ್ಮ ಪಂಡಿತರ ಕೆಲವು ಭಸ್ಮಗಳಲ್ಲಿಯೂ ಇಷ್ಟೇ ಸಣ್ಣ ಕಣಗಳಿರುತ್ತವೆಂದು ಈಚಿನ ಪರೀಕ್ಷೆಗಳು ತೋರಿಸಿವೆಯಂತೆ. ಅದರ ಚರ್ಚೆ ಇಲ್ಲಿ ಬೇಡ.

ಬೆಳ್ಳಿಯ ಕಣ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆದ್ದರಿಂದ ಅದನ್ನು ಗಾಯದ ಪಟ್ಟಿಗೆ ಹಚ್ಚಿದರು. ಆಮೇಲೆ ಬಟ್ಟೆಗೆ, ಕಾಲುಚೀಲಕ್ಕೆ, ಅಡಿಗೆಮನೆಯ ಡಬ್ಬಿಗೆ. ಸತುವಿನ ಮತ್ತು ಟೈಟೇನಿಯಮ್ಮಿನ ಆಕ್ಸೈಡುಗಳು ಬಿಸಿಲಿಗೆ ಹಚ್ಚಿಕೊಳ್ಳುವ ಲೇಪಗಳಲ್ಲಿವೆ. ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಇಬ್ಬರು ೨೦೦೮ರಲ್ಲಿ ಒಂದು ಸರಳವಾದ ಕೆಲಸ ಮಾಡಿದರು. ಬೆಳ್ಳಿ ಬೆರೆತಿದೆಯೆಂದು ಮಾರುವ ಕಾಲುಚೀಲಗಳನ್ನು ಅಂಗಡಿಯಿಂದ ತಂದು ನೀರಿನಲ್ಲಿ ಜಾಲಿಸಿ, ಆ ನೀರನ್ನು ಪರೀಕ್ಷಿಸಿದರು. ಕೆಲವು ಚೀಲಗಳು ತಮ್ಮ ಬೆಳ್ಳಿಯನ್ನು ಬಹುಮಟ್ಟಿಗೆ ಬಿಡದೆ ಹಿಡಿದುಕೊಂಡವು. ಕೆಲವು ನಾಲ್ಕು ಒಗೆತದೊಳಗೆ ಹೆಚ್ಚುಕಡಿಮೆ ಎಲ್ಲವನ್ನೂ ನೀರಿಗೆ ಕೊಟ್ಟುಬಿಟ್ಟವು. ಬೆಂಗಳೂರಿನ ಪಶ್ಚಿಮ ಭಾಗದ ಬಚ್ಚಲ ನೀರು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಬಿದ್ದು, ಪೂರ್ವ ಸಮುದ್ರದ ದಾರಿ ಹಿಡಿಯುತ್ತದೆ. ಬಚ್ಚಲಿಗೂ ಕಡಲಿಗೂ ನಡುವೆ ದೂರವಿದೆ, ನಿಜ. ದಾರಿಯಲ್ಲಿ ಬೆಳ್ಳಿಯ ದೊಡ್ಡ ಪಾಲು ಕೊಳಚೆಯಲ್ಲಿರುವ ಗಂಧಕದೊಡನೆ ಕೂಡಿ ಅಷ್ಟೇನೂ ಉಪದ್ರವವಿಲ್ಲದ ರೂಪ ತಾಳಿ ಕೆಸರಿನಲ್ಲಿ ಉಳಿಯುತ್ತದೆಂಬುದನ್ನೂ ಹೇಳಬೇಕು. ಎಲ್ಲವೂ ಉಳಿಯುವುದಿಲ್ಲ. ಕಡಲ ತೀರದ ಊರುಗಳ ಕೊಳಚೆಗಂತೂ ಅಷ್ಟು ದೂರದ ಪಯಣವೂ ಇಲ್ಲ.

ಇನ್ನು ಸಿಂಪಿಯ ಸಂಸಾರ. ಗಂಡು ಹೆಣ್ಣುಗಳು ಹತ್ತಿರ ಬರುವಂತಿಲ್ಲವಾದ್ದರಿಂದ, ನೀರು ಬೆಚ್ಚಗಾದ ಕಾಲದಲ್ಲಿ ಅವು ವೀರ್ಯವನ್ನೂ ಅಂಡಗಳನ್ನೂ ಸಮುದ್ರಕ್ಕೇ ಚೆಲ್ಲಿಬಿಡುತ್ತವೆ. ಪೆಸಿಫಿಕ್ ಸಿಂಪಿಯ ಒಂದು ಹೆಣ್ಣು ಒಂದು ಸಲಕ್ಕೆ ಕೋಟಿಗಳ ಲೆಕ್ಕದಲ್ಲಿ ಅಂಡಗಳನ್ನು ಬಿಡುತ್ತದೆ. ವೀರ್ಯಾಣು ಅಂಡವನ್ನು ಹುಡುಕುವುದು, ಕೂಡುವುದು, ಭ್ರೂಣ ಒಡೆದು ಬೆಳೆಯುವುದು, ಎಲ್ಲವೂ ಬಯಲಿನಲ್ಲಿ. ನಮಗೆ ತಾಯಿಯ ಹೊಟ್ಟೆ ಏನೋ ಅದಕ್ಕೆ ಇಡೀ ಸಮುದ್ರವೇ ಅದು. ಒಂದು ದಿನದೊಳಗೆ ಮರಿಗೆ ಪುಟ್ಟ ಚಿಪ್ಪು ಮೂಡುತ್ತದೆ. ಎರಡು ಮೂರು ವಾರ ನೀರಿನಲ್ಲಿ ತೇಲಿ ಈಜಿ, ಆಮೇಲೆ ಗಟ್ಟಿಯಾದ ನೆಲೆಯೊಂದನ್ನು ಕಂಡು ಅಂಟಿಕೊಂಡರೆ ಅಲ್ಲಿಗೆ ಅದರ ಪ್ರಯಾಣ ಮುಗಿಯಿತು. ಈ ಬಯಲ ಬಸಿರಿಗೆ ಲೋಹದ ಕಣ ಬಂದರೆ ಏನಾಗುತ್ತದೆಂದು ನೋಡಿದವರಿದ್ದಾರೆ. ೨೦೧೦ರಲ್ಲಿ ಅಮೆರಿಕದ ಪೂರ್ವ ತೀರದ ಸಿಂಪಿಯ ಭ್ರೂಣಗಳನ್ನು ಬೆಳ್ಳಿಯ ನ್ಯಾನೋಕಣಗಳಿರುವ ನೀರಿನಲ್ಲಿ ಇಟ್ಟು, ಅವುಗಳ ಬೆಳವಣಿಗೆ ಕೆಡುವುದನ್ನು ವರದಿ ಮಾಡಿದರು. ೨೦೧೧ರಲ್ಲಿ ಮೆಡಿಟರೇನಿಯನ್ ಕಡಲಿನ ಪಚ್ಚಿಲೆಯ ಜಾತಿಯೊಂದರ ವೀರ್ಯಾಣುಗಳ ಮೇಲೆ ಕಬ್ಬಿಣದ ನ್ಯಾನೋಕಣಗಳ ದುಷ್ಪರಿಣಾಮ ಪ್ರಕಟವಾಯಿತು. ಸತು, ತಾಮ್ರ, ಟೈಟೇನಿಯಂ ಕಣಗಳನ್ನು ಕುರಿತೂ ಇಂಥ ವರದಿಗಳು ಬಂದಿವೆ. ಎಲ್ಲ ಲೋಹವೂ ಒಂದೇ ರೀತಿ ಕೆಡಿಸುವುದಿಲ್ಲ. ಸತುವಿನ ಕಣ ನೀರಿನಲ್ಲಿ ಕರಗಿ, ಕರಗಿದ ಸತು ಕೆಡಕು ಮಾಡುವುದೇ ಹೆಚ್ಚು. ಬೇರೆ ಕಣಗಳು ತಾವೇ ಹೋಗಿ ಜೀವಕೋಶಕ್ಕೆ ಅಂಟಿಕೊಳ್ಳುತ್ತವೆ.

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈ ಮಾತು ಬಂದಾಗ ರಸಾಯನಶಾಸ್ತ್ರದ ಗೆಳೆಯರು ಕಾಫಿಯ ಲೋಟವನ್ನು ಕೆಳಗಿಟ್ಟು, ‘ಮೇಷ್ಟ್ರೇ, ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಬೆಳ್ಳಿಯನ್ನು ಸುರಿದು ಭ್ರೂಣ ಕೆಟ್ಟಿತು ಎಂದರೆ ಯಾರು ಕೇಳುತ್ತಾರೆ? ಸಮುದ್ರದಲ್ಲಿ ಅಷ್ಟು ಬೆಳ್ಳಿ ಎಲ್ಲಿದೆ? ಸತ್ತ ಸಿಂಪಿಯನ್ನು ತೋರಿಸಿ, ಆಮೇಲೆ ಮಾತಾಡೋಣ’ ಎಂದರು. ಅವರ ಮಾತಿನ ಮೊದಲರ್ಧಕ್ಕೆ ಬೆಲೆಯಿದೆ. ಅನೇಕ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ ಈಗ ಕಡಲ ನೀರಿನಲ್ಲಿ ಇರಬಹುದಾದ ಪ್ರಮಾಣಕ್ಕಿಂತ ಬಹಳ ಹೆಚ್ಚು. ಇದನ್ನು ಆ ಸಂಶೋಧಕರೇ ಒಪ್ಪುತ್ತಾರೆ. ನನ್ನನ್ನು ಕಾಡಿದ್ದು ಎರಡನೆಯ ಅರ್ಧ. ಸತ್ತ ಸಿಂಪಿಯನ್ನು ತೋರಿಸಿ! ಸಂತಾನಕ್ಕೆ ಬಿದ್ದ ಪೆಟ್ಟಿನ ಸ್ವಭಾವವೇ ಹೆಣವನ್ನು ತೋರಿಸದಿರುವುದಲ್ಲವೆ? ತಾಯಿಸಿಂಪಿ ಬದುಕಿಯೇ ಇರುತ್ತದೆ, ಉಣ್ಣುತ್ತದೆ, ಬೆಳೆಯುತ್ತದೆ. ಆಗದೆ ಹೋದದ್ದು ಒಂದು ಹುಟ್ಟು. ಸತ್ತವರನ್ನು ಎಣಿಸಬಹುದು, ಹುಟ್ಟದವರನ್ನು ಎಣಿಸುವುದು ಹೇಗೆ? ಹೆಣವಿಲ್ಲದ ಕಡೆ ಹಿಂಸೆ ನಡೆಯಿತೆಂದು ಹೇಳುವವನಿಗೆ ಯಾವ ನ್ಯಾಯಸ್ಥಾನವೂ ಸುಲಭವಾಗಿ ಕಿವಿಗೊಡುವುದಿಲ್ಲ.

ಒಂದು ಕಡೆ ಕಿವಿಗೊಟ್ಟ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅದು ನ್ಯಾನೋಕಣದ ಕಥೆಯಲ್ಲ, ತವರದ ಕಥೆ. ಆದರೂ ಲೋಹವೊಂದು ಚಿಪ್ಪುಜೀವಿಗಳ ಸಂತಾನಕ್ಕೆ ಕೈಹಾಕಿದ ಕಥೆಗಳಲ್ಲಿ ಆದಿಯಿಂದ ಅಂತ್ಯದವರೆಗೆ ಚೆನ್ನಾಗಿ ತಿಳಿದಿರುವುದು ಅದು.

ಹಡಗು ದೋಣಿಗಳ ತಳಕ್ಕೆ ಪಾಚಿ, ಚಿಪ್ಪು, ಹುಳು ಅಂಟಿಕೊಂಡರೆ ಅವುಗಳ ವೇಗ ಕುಂದುತ್ತದೆ, ಇಂಧನ ಹೆಚ್ಚು ಬೇಕಾಗುತ್ತದೆ. ಅದಕ್ಕಾಗಿ ತಳಕ್ಕೆ ವಿಷದ ಬಣ್ಣ ಬಳಿಯುವುದು ಹಳೆಯ ಪದ್ಧತಿ. ೧೯೬೦ರ ದಶಕದಲ್ಲಿ ಟ್ರೈಬ್ಯುಟೈಲ್ ತವರವೆಂಬ ಸಂಯುಕ್ತವನ್ನು ಬೆರೆಸಿದ ಬಣ್ಣ ಬಳಕೆಗೆ ಬಂತು. ಬಹಳ ಒಳ್ಳೆಯ ಬಣ್ಣ, ಬಳಿದವರೆಲ್ಲರೂ ಹೊಗಳಿದರು. ಫ್ರಾನ್ಸಿನ ನೈಋತ್ಯ ತೀರದಲ್ಲಿ ಆರ್ಕಶಾನ್ ಎಂಬ ಕೊಲ್ಲಿಯಿದೆ. ಅಲ್ಲಿ ತಲೆಮಾರುಗಳಿಂದ ಸಿಂಪಿ ಸಾಕುವ ಕುಟುಂಬಗಳು. ತಮ್ಮ ಕೊಲ್ಲಿಯಲ್ಲಿ ಹುಟ್ಟಿದ ಮರಿಗಳನ್ನು ಹಿಡಿದು ತಾವು ಬೆಳೆಸುವುದಲ್ಲದೆ, ಬೇರೆ ಊರಿನ ಸಾಕಣೆಗಾರರಿಗೂ ಮಾರುತ್ತಿದ್ದರು. ನಮ್ಮಲ್ಲಿ ಭತ್ತದ ಸಸಿಮಡಿ ಇದ್ದ ಹಾಗೆ ಎನ್ನಿ. ಅದೇ ಕೊಲ್ಲಿ ಬೇಸಿಗೆಯಲ್ಲಿ ಸಾವಿರಾರು ವಿಹಾರದೋಣಿಗಳು ಬಂದು ನಿಲ್ಲುವ ಜಾಗವೂ ಆಯಿತು. ೧೯೭೭ರಿಂದ ಆ ಸಾಕಣೆಗಾರರು ಮರಿ ಹಿಡಿಯಲು ಇಟ್ಟ ಹಂಚುಗಳು ಬರಿದಾಗಿಯೇ ಉಳಿಯತೊಡಗಿದವು. ಸಿಂಪಿಗಳು ಬೀಜ ಚೆಲ್ಲುತ್ತಿದ್ದವು, ಮರಿಗಳು ನೀರಿನಲ್ಲಿ ಕಾಣಿಸುತ್ತಿದ್ದವು, ಆಮೇಲೆ ಇಲ್ಲವಾಗುತ್ತಿದ್ದವು. ಬೆಳೆದ ಸಿಂಪಿಗಳ ಚಿಪ್ಪು ಪದರ ಪದರವಾಗಿ ಬೂರಿಕೊಂಡು, ನಡುವೆ ಲೋಳೆ ತುಂಬಿ, ಉಂಡೆಯಾಗಿ ಮಾರಲು ಬಾರದಂತಾಯಿತು. ವರ್ಷಕ್ಕೆ ೧೦,೦೦೦ ಟನ್ನು ಮೀರಿದ್ದ ಬೆಳೆ ೧೯೮೧ರಲ್ಲಿ ಸುಮಾರು ೩,೦೦೦ ಟನ್ನಿಗೆ ಇಳಿಯಿತು.

ಐದು ಬೇಸಿಗೆ ಹೀಗೆ ಹೋಯಿತು. ಕ್ಲೋದ್ ಅಲ್ಜಿಯೂ ಮೊದಲಾದ ಫ್ರೆಂಚ್ ವಿಜ್ಞಾನಿಗಳು ತವರದ ಬಣ್ಣವೇ ಕಾರಣವೆಂಬುದರ ಕಡೆ ಬೆರಳು ಮಾಡಿದರು. ಕಾರಣ ಕಾರ್ಯಗಳ ಸರಪಣಿಯ ಎಲ್ಲ ಕೊಂಡಿಗಳೂ ಆಗ ಸಿಕ್ಕಿರಲಿಲ್ಲ. ಆದರೂ ೧೯೮೨ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ೨೫ ಮೀಟರಿಗಿಂತ ಚಿಕ್ಕದಾದ ದೋಣಿಗಳಿಗೆ ಆ ಬಣ್ಣ ಬಳಿಯಕೂಡದೆಂದು ನಿಲ್ಲಿಸಿತು. ಆ ವರ್ಷವೇ ಹಂಚುಗಳ ಮೇಲೆ ಮರಿಗಳು ಮತ್ತೆ ಕುಳಿತವು. ಪುರಾವೆ ಪೂರ್ತಿಯಾಗಲಿ ಎಂದು ಇನ್ನೈದು ಬೇಸಿಗೆ ಕಾದಿದ್ದರೆ, ಪುರಾವೆಯನ್ನು ಕೇಳಬೇಕಾದ ಸಾಕಣೆಗಾರರೇ ಊರು ಬಿಟ್ಟಿರುತ್ತಿದ್ದರೇನೋ.

ಇಂಗ್ಲೆಂಡಿನ ಪ್ಲಿಮತ್ ತೀರದ ಸಂಗತಿ ಇದಕ್ಕಿಂತ ವಿಚಿತ್ರವಾದುದು. ಅಲ್ಲಿಯ ಬಂಡೆಗಳ ಮೇಲೆ ನಾಯಿಶಂಖ ಎನ್ನಬಹುದಾದ ಒಂದು ಜಾತಿಯ ಕಡಲ ಬಸವನಹುಳುವಿದೆ. ೧೯೭೦ರಲ್ಲಿ ಬ್ಲೇಬರ್ ಎಂಬ ಸಂಶೋಧಕರು ಅದರ ಹೆಣ್ಣುಗಳಲ್ಲಿ ಗಂಡಿನ ಅಂಗದಂಥದು ಬೆಳೆದಿರುವುದನ್ನು ಕಂಡು ಬರೆದಿಟ್ಟರು. ಕಾರಣ ಆಗ ತಿಳಿಯಲಿಲ್ಲ. ಅಮೆರಿಕದಲ್ಲಿಯೂ ಬೇರೊಂದು ಜಾತಿಯಲ್ಲಿ ಇದೇ ಕಂಡಿತು. ೧೯೮೧ರ ಹೊತ್ತಿಗೆ ಇದೂ ತವರದ ಬಣ್ಣದ ಕೆಲಸವೆಂದು ಗೊತ್ತಾಯಿತು. ಬೇಡದ ಅಂಗ ಬೆಳೆದು ಹೆಣ್ಣಿನ ಮೊಟ್ಟೆಯ ದಾರಿ ಮುಚ್ಚಿಹೋಗುತ್ತದೆ. ಹೊರಬರಲಾರದ ಮೊಟ್ಟೆಯ ಚೀಲಗಳು ಒಳಗೇ ತುಂಬಿಕೊಂಡು ಕೊನೆಗೆ ಅದು ಸಾಯುತ್ತದೆ. ಈ ಬದಲಾವಣೆ ಆರಂಭವಾಗಲು ಲೀಟರಿಗೆ ಒಂದು ನ್ಯಾನೋಗ್ರಾಂ ತವರ ಸಾಕು: ನೂರು ಕೋಟಿ ಲೀಟರು ನೀರಿಗೆ ಒಂದು ಗ್ರಾಂ. ‘ಅಷ್ಟು ಎಲ್ಲಿದೆ?’ ಎಂದು ಕೇಳುವ ಗೆಳೆಯರಿಗೆ ನಾನು ಕೊಡಬಹುದಾದ ಉತ್ತರ ಇದೊಂದೇ. ಎಷ್ಟು ಸ್ವಲ್ಪವೆಂದರೆ ಸ್ವಲ್ಪ ಎಂಬುದನ್ನು ನಮ್ಮ ಅಂದಾಜು ಹೇಳುವುದಿಲ್ಲ, ಆ ಹುಳುವಿನ ಮೈ ಹೇಳುತ್ತದೆ.

ಇದೆಲ್ಲ ವಿಜ್ಞಾನಿಗಳ ಕೆಲಸ; ಕನ್ನಡದ ಮೇಷ್ಟ್ರಿಗೆ ಇಲ್ಲೇನು ಎಂದು ವಾಚಕರು ಕೇಳಬಹುದು. ನನ್ನ ತೊಡಕು ಬೇರೆ. ದೋಣಿಗೆ ಬಣ್ಣ ಬಳಿದವನು ಪಾಪ ಮಾಡಿದನೆ? ಕಾಲುಚೀಲ ಒಗೆದವನು ಮಾಡುತ್ತಿದ್ದಾನೆಯೆ? ಈ ಪ್ರಶ್ನೆಗೆ ನನ್ನ ಪಾಠದ ಪುಸ್ತಕಗಳಲ್ಲಿ ಉತ್ತರವಿದೆಯೆ?

ಹುಟ್ಟದವರ ಮೇಲೆ ಕೈಯೆತ್ತುವುದು ಘೋರವೆಂಬ ಅರಿವು ನಮ್ಮ ಹಿರಿಯರಿಗೆ ಇತ್ತು. ಅಶ್ವತ್ಥಾಮ ಮಲಗಿದ್ದವರನ್ನು ಕೊಂದ. ಮಹಾಭಾರತ ಅದನ್ನು ಹೇಳಿ ಮುಗಿಸಬಹುದಾಗಿತ್ತು. ಆದರೆ ಅವನು ತನ್ನ ಅಸ್ತ್ರವನ್ನು ಪಾಂಡವರ ಹೆಂಗಸರ ಗರ್ಭಗಳ ಮೇಲೆ ತಿರುಗಿಸಿದಾಗಲೇ ಕೃಷ್ಣನ ಶಾಪ ಅವನನ್ನು ಹಿಡಿಯಿತು. ಉತ್ತರೆಯ ಗರ್ಭದಲ್ಲಿದ್ದ ಕೂಸನ್ನು ಉಳಿಸಿಕೊಳ್ಳಬೇಕಾಯಿತು. ಮಲಗಿದ್ದವರನ್ನು ಕೊಂದರೆ ಒಂದು ತಲೆಮಾರು ಹೋಗುತ್ತದೆ. ಗರ್ಭಕ್ಕೆ ಬಿದ್ದ ಅಸ್ತ್ರ ಮುಂದೆ ಬರಬೇಕಾದ ಎಲ್ಲ ತಲೆಮಾರುಗಳನ್ನೂ ಒಂದೇ ಏಟಿಗೆ ತೆಗೆಯುತ್ತದೆ. ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿನಲ್ಲಿ ಇಟ್ಟವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. ಆದರೆ ಅಶ್ವತ್ಥಾಮನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿತ್ತು, ಅದನ್ನೇ ಮಾಡಬೇಕೆಂಬ ಸಂಕಲ್ಪವಿತ್ತು. ವಿಹಾರದೋಣಿಯವನಿಗೆ ಸಿಂಪಿಯ ಮೇಲೆ ಏನು ಹಗೆ? ಅವನು ಸಿಂಪಿಯನ್ನು ಚಪ್ಪರಿಸಿಕೊಂಡು ತಿನ್ನುವವನು. ಅದು ಚೆನ್ನಾಗಿ ಹುಟ್ಟಿ ಬೆಳೆಯಲೆಂದೇ ಅವನ ಆಸೆ.

ಸಂಕಲ್ಪವನ್ನು ತೂಗುವುದರಲ್ಲಿ ನಮ್ಮ ಜನ್ನನನ್ನು ಮೀರಿಸಿದವರಿಲ್ಲ. ೧೨೦೯ರಲ್ಲಿ ಮುಗಿದ ಅವನ ಯಶೋಧರ ಚರಿತೆಯಲ್ಲಿ ದೊರೆ ಯಶೋಧರ ಬಲಿ ಕೊಡಲು ಒಪ್ಪದೆ, ತಾಯಿ ಚಂದ್ರಮತಿಯ ಬಲವಂತಕ್ಕೆ ಕೊನೆಗೆ ಹಿಟ್ಟಿನ ಕೋಳಿಯನ್ನು ಮಾಡಿಸಿ ಕತ್ತರಿಸುತ್ತಾನೆ. ಜೀವವಿಲ್ಲದ ಕೋಳಿ, ಕೊಲ್ಲುವ ಸಂಕಲ್ಪ ಮಾತ್ರ ನಿಜವಾದದ್ದು. ಅಷ್ಟಕ್ಕೇ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳನ್ನು ಎತ್ತಿ ಎತ್ತಿ ಬಳಲುತ್ತಾರೆ. ಸಾವಿಲ್ಲದ ಕಡೆ ಪಾಪವಿತ್ತು. ನಾವು ಈಗ ನಿಂತಿರುವುದು ಅದರ ತಲೆಕೆಳಗಾದ ಜಾಗದಲ್ಲಿ: ಕೋಟಿ ಭ್ರೂಣಗಳು ಕೆಟ್ಟಿವೆ, ಯಾರ ಮನಸ್ಸಿನಲ್ಲಿಯೂ ಒಂದು ಕೆಟ್ಟ ಯೋಚನೆಯಿಲ್ಲ. ಸಂಕಲ್ಪವೇ ಸರ್ವಸ್ವವಾದರೆ ನಮಗೆ ಯಾವ ಜನ್ಮದಲ್ಲಿಯೂ ಏನೂ ಆಗಬೇಕಾದ್ದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಹಾಗೆಯೇ ಬರೆದಿದ್ದ, ಬುದ್ಧಿವಂತ ಹುಡುಗ.

ಆದರೆ ಜೈನಶಾಸ್ತ್ರ ಅಷ್ಟಕ್ಕೆ ನಿಲ್ಲುವುದಿಲ್ಲ. ಹಿಂಸೆಯನ್ನು ಅದು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದು ಮಾಡುವ ಸಂಕಲ್ಪಹಿಂಸೆ, ಮನೆವಾರ್ತೆಯಲ್ಲಿ ಆಗುವ ಆರಂಭಹಿಂಸೆ, ಜೀವನೋಪಾಯದಲ್ಲಿ ಆಗುವ ಉದ್ಯೋಗಹಿಂಸೆ, ತನ್ನನ್ನು ಕಾಯ್ದುಕೊಳ್ಳುವಾಗ ಆಗುವ ವಿರೋಧಿಹಿಂಸೆ. ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕು. ಉಳಿದವು ಅವನಿಗೆ ತಪ್ಪಿದ್ದಲ್ಲವಾದ್ದರಿಂದ ಕೈಲಾದಷ್ಟು ಕಡಿಮೆ ಮಾಡಬೇಕು. ಇನ್ನೂ ಮುಖ್ಯವಾದ ಮಾತೆಂದರೆ, ಹಿಂಸೆಯ ಲಕ್ಷಣ ಹೇಳುವಾಗ ಆ ಶಾಸ್ತ್ರಕಾರರು ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಬೇರಿನಲ್ಲಿಟ್ಟರು. ದ್ವೇಷಕ್ಕೂ ನಿರಪರಾಧಕ್ಕೂ ನಡುವೆ ಒಂದು ವಿಶಾಲವಾದ ಜಾಗವಿದೆ, ಅದರ ಹೆಸರು ಪ್ರಮಾದ. ಶಂಖ ಸಿಂಪಿಗಳನ್ನು ಅವರು ಎರಡೇ ಇಂದ್ರಿಯಗಳುಳ್ಳ ಜೀವಗಳೆಂದು ಎಣಿಸಿದರು: ಮುಟ್ಟಿದರೆ ತಿಳಿಯುತ್ತದೆ, ರುಚಿ ತಿಳಿಯುತ್ತದೆ, ನೋಡಲಾರವು, ಕೇಳಲಾರವು. ನೋಡಲಾರದ ಕೇಳಲಾರದ ಜೀವದ ಬಗ್ಗೆ ನೋಡುವ ಕೇಳುವ ನಮ್ಮ ಎಚ್ಚರ ಹೆಚ್ಚಾಗಿರಬೇಕೆಂಬುದು ಆ ಎಣಿಕೆಯೊಳಗೇ ಇದೆಯೆಂದು ನನಗೆ ತೋರುತ್ತದೆ.

ಹೀಗೆ ನೋಡಿದರೆ ಆರ್ಕಶಾನಿನ ಕಥೆ ಬಿಡಿಸಿಕೊಳ್ಳುತ್ತದೆ. ೧೯೬೦ರ ದಶಕದಲ್ಲಿ ಬಣ್ಣ ಬಳಿದವನು ಏನನ್ನೂ ಅರಿಯದವನು. ಅವನನ್ನು ಹಿಡಿದು ತರುವುದು ಅನ್ಯಾಯ. ೧೯೮೨ರ ಮೇಲೆ ಕದ್ದು ಬಳಿದವನು ಅಪರಾಧಿ. ಅದಕ್ಕೆ ಧರ್ಮಜಿಜ್ಞಾಸೆ ಬೇಡ, ಪೊಲೀಸರು ಸಾಕು. ನೀತಿಯ ಪ್ರಶ್ನೆಯೆಲ್ಲ ಇರುವುದು ನಡುವಣ ಐದು ಬೇಸಿಗೆಗಳಲ್ಲಿ: ಹಂಚುಗಳು ಬರಿದಾಗಿವೆ ಎಂದು ಸಾಕಣೆಗಾರರು ಕೂಗುತ್ತಿದ್ದಾಗ, ಇನ್ನೂ ಖಚಿತವಾಗಿಲ್ಲವಲ್ಲ ಎಂದು ಮತ್ತೊಂದು ಡಬ್ಬಿ ಕೊಂಡವನಲ್ಲಿ. ನ್ಯಾನೋಕಣದ ವಿಷಯದಲ್ಲಿ ನಾವೀಗ ಅಂಥ ನಡುಗಾಲದಲ್ಲಿದ್ದೇವೆ. ಕೂಗು ಕೇಳಿಸಿದೆ, ಖಚಿತವಾಗಿಲ್ಲ.

ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾರೆ. ಸಿಂಪಿ ಕೋಟಿಗಟ್ಟಲೆ ಅಂಡಗಳನ್ನು ಚೆಲ್ಲುವುದೇ ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಳಾಗುತ್ತವೆಂದು. ಮೀನು ತಿನ್ನುತ್ತದೆ, ಅಲೆ ಒಯ್ಯುತ್ತದೆ, ನೆಲೆ ಸಿಕ್ಕುವುದಿಲ್ಲ. ಪ್ರಕೃತಿಯೇ ಇಷ್ಟು ದುಂದುಗಾರಳಾಗಿರುವಾಗ ನಾವು ಇನ್ನಷ್ಟು ಕೆಡಿಸಿದರೆ ಏನು ಮಹಾ? ಈ ವಾದದ ಮುಂದೆ ನಾನು ಕೆಲವು ದಿನ ಸುಮ್ಮನಿದ್ದದ್ದುಂಟು. ಮೀನಿನ ಬಾಯಿಗೆ ಬಿದ್ದ ಮರಿ ಮೀನಾಗುತ್ತದೆ. ಆ ಹಾಳು ಇನ್ನೊಂದರ ಊಟ. ಬೆಳ್ಳಿಯಿಂದ ಕೆಟ್ಟ ಭ್ರೂಣ ಯಾರ ಊಟಕ್ಕಾಗಿಯೂ ಕೆಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೋಟಿಯಲ್ಲಿ ಕೆಲವು ಉಳಿದರೆ ಸಾಕೆಂಬ ಲೆಕ್ಕ ಬಹು ದೀರ್ಘಕಾಲದಲ್ಲಿ ಹೊಂದಿಕೊಂಡು ಬಂದ ಲೆಕ್ಕ. ಸಿಂಪಿ ದುಂದು ಮಾಡುತ್ತಿಲ್ಲ; ಗೊತ್ತಿರುವ ಶತ್ರುಗಳಿಗೆಲ್ಲ ಅವರವರ ಪಾಲನ್ನು ಕೊಟ್ಟು, ತನ್ನ ಪಾಲಿಗೆ ಆ ಕೆಲವನ್ನು ಉಳಿಸಿಕೊಂಡಿದೆ. ಹೊಸದಾಗಿ ಬಂದ ಶತ್ರುವಿನ ಪಾಲು ಆ ಲೆಕ್ಕದಲ್ಲಿಲ್ಲ. ಬಡವನ ಮನೆಯಲ್ಲಿ ತಿಂಗಳ ಸಂಬಳವೆಲ್ಲ ಅಂಗಡಿಗೂ ಬಾಡಿಗೆಗೂ ಹೋಗಿ ಹತ್ತು ರೂಪಾಯಿ ಉಳಿಯುತ್ತಿದ್ದರೆ, ಆ ಹತ್ತನ್ನು ತೆಗೆದವನು ಅವನ ಸಂಬಳಕ್ಕೆ ಹೋಲಿಸಿ ‘ಎಷ್ಟು ಸ್ವಲ್ಪ ತೆಗೆದೆ!’ ಎನ್ನಬಹುದೆ?

ಲೋಹದ ಕಣಗಳನ್ನೆಲ್ಲ ನಿಷೇಧಿಸಬೇಕೆಂದು ನಾನು ಹೇಳುತ್ತಿಲ್ಲ. ಸುಟ್ಟ ಗಾಯಕ್ಕೆ ಬೆಳ್ಳಿಯ ಔಷಧ ಹಚ್ಚುವುದು ೧೯೬೦ರ ದಶಕದಿಂದ ಆಸ್ಪತ್ರೆಗಳಲ್ಲಿ ರೂಢಿಯಾಗಿದೆ. ಸೋಂಕಿನಿಂದ ಸಾಯಬಹುದಾಗಿದ್ದ ಎಷ್ಟೋ ಜನರನ್ನು ಅದು ಉಳಿಸಿದೆ. ಒಲೆಯ ಮುಂದೆ ಸೀರೆಗೆ ಬೆಂಕಿ ಹತ್ತಿ ವಾರ್ಡಿನಲ್ಲಿ ಮಲಗಿದ ಹೆಣ್ಣುಮಗಳಿಗೆ, ಸಿಂಪಿಯ ಭ್ರೂಣ ಕೆಡುತ್ತದೆ, ಈ ಪಟ್ಟಿ ಬೇಡ ಎನ್ನುವವನು ಧರ್ಮಿಷ್ಠನಲ್ಲ, ಮೂರ್ಖ. ಅದು ವಿರೋಧಿಹಿಂಸೆ, ಪ್ರಾಣ ಕಾಯ್ದುಕೊಳ್ಳುವ ಹಿಂಸೆ. ಕಾಲುಚೀಲ ಯಾವ ಹಿಂಸೆ? ಕಾಲು ವಾಸನೆ ಬರಬಾರದೆಂಬುದು ಮನೆವಾರ್ತೆಯೆ, ಜೀವನೋಪಾಯವೆ, ಆತ್ಮರಕ್ಷಣೆಯೆ? ನಾಲ್ಕು ಮನೆಗಳಲ್ಲಿ ಅದಕ್ಕೆ ಯಾವುದರಲ್ಲಿಯೂ ಜಾಗವಿಲ್ಲ. ಸಾಬೂನು ಈಗಲೂ ಅಂಗಡಿಯಲ್ಲಿ ಸಿಕ್ಕುತ್ತದೆ. ಶಾಸ್ತ್ರಕಾರರು ಐದನೆಯ ಮನೆಯೊಂದನ್ನು ಕಟ್ಟಲಿಲ್ಲ, ಏಕೆಂದರೆ ಬೇಕೆಂದೂ ಅಲ್ಲದೆ ಬೇಕಾಗಿಯೂ ಅಲ್ಲದೆ, ಕೇವಲ ಮಾರಾಟಕ್ಕಿದೆಯೆಂದು ಮಾಡುವ ಹಿಂಸೆಯನ್ನು ಅವರು ಕಂಡಿರಲಿಲ್ಲ. ಆರ್ಕಶಾನಿನಲ್ಲಿಯೂ ಹೀಗೆಯೇ: ವಿಹಾರ ಒಬ್ಬನದು, ಬರಿದಾದ ಹಂಚು ಮತ್ತೊಬ್ಬನದು.

ಇನ್ನೊಂದನ್ನು ಗಮನಿಸಿ. ಯೂರೋಪಿನ ಒಕ್ಕೂಟ ೨೦೨೨ರಲ್ಲಿ ತಿಂಡಿಗಳನ್ನು ಬೆಳ್ಳಗೆ ಮಾಡಲು ಬೆರೆಸುತ್ತಿದ್ದ ಟೈಟೇನಿಯಮ್ಮಿನ ಆಕ್ಸೈಡನ್ನು ನಿಲ್ಲಿಸಿತು. ಆ ಪುಡಿಯಲ್ಲಿ ನ್ಯಾನೋಗಾತ್ರದ ಕಣಗಳೂ ಇರುತ್ತಿದ್ದವು. ಮನುಷ್ಯನ ಜೀವಕೋಶಕ್ಕೆ ಕೆಡುಕಾಗುವ ಸಂಶಯವನ್ನು ತಳ್ಳಿಹಾಕಲಾಗದೆಂಬುದು ಕಾರಣ. ಸಂಶಯ ಸಾಕಾಯಿತು, ಹೆಣ ಬೇಕಾಗಲಿಲ್ಲ. ನಮ್ಮ ಹೊಟ್ಟೆಗೆ ಸಲ್ಲುವ ಈ ನ್ಯಾಯ ಸಿಂಪಿಯ ಹೊಟ್ಟೆಗೆ ಬಂದಾಗ ಪುರಾವೆ ಕೇಳುತ್ತದೆ.

ಫ್ರಾನ್ಸು ಇಂಗ್ಲೆಂಡುಗಳ ಮಾತಾಯಿತು, ನಮಗೇನು ಎನ್ನುವಂತಿಲ್ಲ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ೧೯೯೯ರಲ್ಲಿ ಭಾರತದ ನೀರಿನಲ್ಲಿಯೂ ಹೆಣ್ಣು ಬಸವನಹುಳುವಿಗೆ ಗಂಡಿನ ಅಂಗ ಬೆಳೆದದ್ದನ್ನು ದಾಖಲಿಸಿದರು. ಆ ಹುಳುವಿನ ಶಾಸ್ತ್ರೀಯ ಹೆಸರಿನಲ್ಲಿಯೇ ಕೊಂಕಣವಿದೆ. ಅಲ್ಲಿಂದ ದಕ್ಷಿಣಕ್ಕೆ ನಮ್ಮ ಕರಾವಳಿ. ಮಂಗಳೂರು ಕಡೆಯ ಮರುವಾಯಿ, ಪಚ್ಚಿಲೆ, ಕುಮಟೆ ಕಡೆಯ ಬಳಚು, ಇ‍ವೆಲ್ಲ ನೀರು ಸೋಸಿ ಬದುಕುವ ಜೀವಗಳೇ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಆಯುವ ಹೆಂಗಸರಿಗೆ ಅದು ಊಟವೂ ಹೌದು, ಆದಾಯವೂ ಹೌದು. ಆ ಅಳಿವೆಯನ್ನು ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಪಟ್ಟಿಗೆ ಸೇರಿದ್ದು ಒಳ್ಳೆಯದೇ. ಆದರೆ ಹೊಳೆಯ ಮೇಲಿನ ಊರುಗಳ ಬಚ್ಚಲಿಗೆ ಆ ಪಟ್ಟಿಯ ವಿಚಾರ ತಿಳಿಯದು.

ನನ್ನ ಜೈನ ಸ್ನೇಹಿತರೊಬ್ಬರ ತಾಯಿ ಇಂದಿಗೂ ನಲ್ಲಿಗೆ ಬಿಳಿಯ ಬಟ್ಟೆ ಕಟ್ಟಿ ನೀರು ಹಿಡಿಯುತ್ತಾರೆ. ಬಾವಿಯ ಕಾಲದಲ್ಲಿ ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಅದರಲ್ಲಿ ಸಿಕ್ಕ ಜೀವಗಳು ತಮ್ಮ ನೀರಿಗೇ ಮರಳಲೆಂದು ಅದೇ ಬಾವಿಗೆ ಮೆಲ್ಲಗೆ ಜಾಲಿಸುತ್ತಿದ್ದರಂತೆ. ನಲ್ಲಿ ಬಂದಮೇಲೆ ಮರಳಿಸುವುದು ಎಲ್ಲಿಗೆ ಎಂದು ಅವರು ಕೇಳಿದ್ದುಂಟು. ನ್ಯಾನೋಕಣಕ್ಕೆ ಆ ಬಟ್ಟೆಯ ನೂಲುಗಳ ನಡುವಣ ಸಂದು ಹೆಬ್ಬಾಗಿಲು. ನಮ್ಮ ಎಚ್ಚರವನ್ನು ಎಲ್ಲಿ ಕಟ್ಟಬೇಕೆಂಬುದು ಹಾಗಾದರೆ ಬದಲಾಗಿದೆ: ನಲ್ಲಿಯ ಬಾಯಿಗಲ್ಲ, ಅಂಗಡಿಯ ಬಾಗಿಲಿಗೆ, ಅದಕ್ಕೂ ಹಿಂದೆ, ಕಾರ್ಖಾನೆಗೆ ಅನುಮತಿ ಕೊಡುವ ಮೇಜಿಗೆ. ಹೊಸ ಕಣವೊಂದನ್ನು ಮಾರುವವನೇ ಅದು ಭ್ರೂಣಗಳಿಗೆ ಏನು ಮಾಡುತ್ತದೆಂದು ಮೊದಲು ತೋರಿಸಲಿ ಎಂದು ಕೇಳುವುದು ಅತಿಯಾಯಿತೆಂದು ನನಗೆ ತೋರುವುದಿಲ್ಲ. ತೋರಿಸುವ ಹೊಣೆಯನ್ನು ಸಿಂಪಿಯ ಮೇಲೆ ಹೊರಿಸಿದರೆ ಎರಡು ಇಂದ್ರಿಯದ ಆ ಜೀವ ಏನೆಂದು ಸಾಕ್ಷಿ ಹೇಳೀತು? ರಸಾಯನಶಾಸ್ತ್ರದ ಗೆಳೆಯರು ಇದಕ್ಕೆ ಮಾತ್ರ, ಇಷ್ಟೊಂದು ಪರೀಕ್ಷೆಗೆ ಖರ್ಚು ಯಾರು ಕೊಡುವವರು ಎಂದರು. ಖರ್ಚನ್ನು ಈಗಲೂ ಯಾರೋ ಕೊಡುತ್ತಿದ್ದಾರೆ.

ತವರದ ಬಣ್ಣವನ್ನು ಇಂಗ್ಲೆಂಡು ೧೯೮೭ರಲ್ಲಿ ಚಿಕ್ಕ ದೋಣಿಗಳಿಗೆ ನಿಲ್ಲಿಸಿತು. ಎಲ್ಲ ಹಡಗುಗಳಿಗೂ ಅದು ಬೇಡವೆಂಬ ಅಂತರರಾಷ್ಟ್ರೀಯ ಒಪ್ಪಂದ ೨೦೦೧ರಲ್ಲಿ ಆಗಿ, ೨೦೦೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಬ್ಲೇಬರ್ ಕಂಡು ಬರೆದಿಟ್ಟಾಗಿನಿಂದ ಅದು ಮೂವತ್ತೆಂಟನೆಯ ವರ್ಷ. ತವರ ಬಿಟ್ಟ ಜಾಗವನ್ನು ಈಗ ಬಹುಮಟ್ಟಿಗೆ ತಾಮ್ರ ತುಂಬಿದೆ. ಆ ತಾಮ್ರವನ್ನು ನ್ಯಾನೋಕಣವಾಗಿ ಬಳಸುವ ಪ್ರಯತ್ನಗಳೂ ನಡೆದಿವೆ. ಆರ್ಕಶಾನಿನ ಸಿಂಪಿಗಳು ಬೇಗ ಮರಳಿದವು, ಅವುಗಳ ಮರಿಗಳು ಈಜಬಲ್ಲವು. ಪ್ಲಿಮತ್ತಿನ ನಾಯಿಶಂಖಕ್ಕೆ ಈಜುವ ಮರಿಯಿಲ್ಲ. ಮೊಟ್ಟೆಚೀಲದಿಂದ ಅದು ಬಂಡೆಯ ಮೇಲೆ ತೆವಳಿಕೊಂಡೇ ಹೊರಬರುತ್ತದೆ. ಆದ್ದರಿಂದ ಒಂದು ಬಂಡೆಯಿಂದ ಅದರ ವಂಶ ಅಳಿದರೆ, ನೀರು ಶುದ್ಧವಾದ ಮೇಲೂ ಪಕ್ಕದ ಬಂಡೆಯಿಂದ ತೆವಳಿಕೊಂಡು ಬರುವವರೆಗೆ ಅಲ್ಲಿ ಅದಿರುವುದಿಲ್ಲ. ಕೆಲವು ಬಂಡೆಗಳಿಗೆ ಅದು ಮರಳಲು ಹತ್ತಾರು ವರ್ಷ ಹಿಡಿಯಿತು.